ಗಾಳಿ ಬರುವ ಕಡೆ

ಬೆಟ್ಟದ ತಂಗುಮನೆಯ ಅತ್ತೆ ನೀರಿಗೂ ಬೆಂಕಿ ಹಚ್ಚಿಯಾಳು ಎಂದು ಚಾರಣಿಗರು ನಗುತ್ತಿದ್ದರು. ಮಳೆಗೆ ಸಿಕ್ಕವರನ್ನು ಹುಡುಕಿಕೊಂಡು ಸೊಸೆಯೊಂದಿಗೆ ಹೊರಟರೆ, ಬೆಂಕಿ ಹೊತ್ತಿಸಲೆಂದು ಮಡಿಲಲ್ಲಿ ಕಟ್ಟಿಕೊಂಡ ತೊಗಟೆ ಒಣಗಿಯೇ ಇರುತ್ತಿತ್ತು, ಅತ್ತೆ ಮಾತ್ರ ತೊಯ್ದು ತೊಪ್ಪೆ. “ಮೊದಲು ಕಟ್ಟಿಗೆ ಸೀಳ್ರಪ್ಪಾ, ಆಮೇಲೆ ನಡುಗುವಿರಂತೆ! ನೆನೆದಿರೋದು ಸಿಪ್ಪೆ, ಒಳಗಲ್ಲ.” ಯಾರಾದರೂ ಅವಸರದಲ್ಲಿ ಊದಿದರೆ, “ಏನು, ಹಾಲು ಆರಿಸ್ತಿದ್ದೀಯಾ?” ಎಂದು ಗದರುವಳು. ಕಿಡಿ ಹಿಡಿಯುವವರೆಗೂ ಗಾಳಿಗೆ ಬೆನ್ನೊಡ್ಡಿ ಗೋಡೆಯಂತೆ ಕೂರುವಳು. “ಚಳಿಯಿಲ್ವಾ ಅತ್ತೆ?” ಎಂದರೆ, “ಅದಕ್ಕೆಲ್ಲ ಪುರುಸೊತ್ತೆಲ್ಲಿ!” ಎನ್ನುವಳು. ಅತ್ತೆ ತೀರಿಕೊಂಡ ಮೇಲಿನ ಮೊದಲ ಮಳೆಯಲ್ಲಿ, ಚಳಿಗೆ ತುಟಿ ನೀಲಿಗಟ್ಟಿದವರ ನಡುವೆ ಸೊಸೆ ಗೀರಿದ ಕಡ್ಡಿಗಳೆಲ್ಲ ಆರಿದವು. ಕೊನೆಯದನ್ನು ಕೈಗೆತ್ತಿಕೊಂಡಾಗ ಗಮನಿಸಿದಳು: ಗಾಳಿ ಬರುವ ಕಡೆಯ ಜಾಗವನ್ನು ರೂಢಿಯಂತೆ ಅತ್ತೆಗೆಂದು ಬಿಟ್ಟು ಕೂತಿದ್ದಳು. ಎದ್ದು ಹೋಗಿ, ಆ ಜಾಗದಲ್ಲಿ ಬೆನ್ನೊಡ್ಡಿ ಕೂತು, ಕಡ್ಡಿ ಗೀರಿದಳು. ತೊಗಟೆ ಹೊತ್ತಿಕೊಂಡಿತು.