ಮಾವನ ಕಿವಿಗೆ ಕೇಳಿಸದ ಸದ್ದು

ನಮ್ಮ ಮಾವ ಫ್ರಿಡ್ಜ್ ರಿಪೇರಿ ಮಾಡುವವರು. ಅವರ ಜೊತೆ ಕೆಲಸಕ್ಕೆ ಹೋಗುವುದೆಂದರೆ ತಾಳ್ಮೆಯ ಪರೀಕ್ಷೆ. ಬೇರೆ ಮೆಕ್ಯಾನಿಕ್‌ಗಳು ಪೈಪು ಕತ್ತರಿಸಿ, ಹಳೆಯ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಟ್ಟು, ಹೊಸದು ತುಂಬಿಸಿ ಹೊರಟೇಬಿಡುತ್ತಾರೆ. ಮಾವ ಹಾಗಲ್ಲ. ಗ್ಯಾಸ್ ಎಳೆದುಕೊಳ್ಳುವ ಮೆಷಿನ್ ಜೋಡಿಸಿ, ಹಳೆಯದನ್ನೆಲ್ಲ ಸಿಲಿಂಡರಿಗೆ ತುಂಬಿಸಿಕೊಂಡ ಮೇಲೇ ಮುಂದಿನ ಕೆಲಸ. ಅಲ್ಲಿಯವರೆಗೆ ಗಿರಾಕಿ ಮುಖ ಗಂಟಿಕ್ಕಿಕೊಂಡಿರುತ್ತಾನೆ. ಮಾವ ಅವನದೇ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತಿರುತ್ತಾರೆ.

"ಕಣ್ಣಿಗೇ ಕಾಣದ ಗಾಳಿಗೆ ಎಷ್ಟೊಂದು ಉಪಚಾರ! ನನಗೆ ಜ್ವರ ಬಂದಾಗ ಇದರಲ್ಲಿ ಅರ್ಧ ಮಾಡಿದ್ರೂ ಸಾಕಿತ್ತು," ಎಂದು ಅತ್ತೆ ಚುಚ್ಚುತ್ತಾರೆ.

"ಅಲ್ಲ ಕಣೇ, ಅದು ಮೇಲೆ ಹೋಗಿ ಸುಮ್ಮನೆ ಕೂರಲ್ಲ, ಭೂಮಿನೇ ಕಾಯಿಸುತ್ತೆ. ಒಂದು ಮನೆ ಹಾಲು ತಣ್ಣಗಿರಲಿ ಅಂತ ಲೋಕಕ್ಕೆಲ್ಲ ಕಾವು ಕೊಡೋದು ಯಾವ ನ್ಯಾಯ?" ಎನ್ನುತ್ತಾರೆ ಮಾವ.

ಕಂಪ್ರೆಸರ್‌ಗಳ ಗುರ್ರೆನ್ನುವ ಸದ್ದು ಕೇಳೀ ಕೇಳೀ ಈಗ ಅವರಿಗೆ ಕಿವಿ ಮಂದ. ತಾವು ಮಾತಾಡಿದರೆ ಮಾತ್ರ ಇಡೀ ಬೀದಿಗೆ ಕೇಳಿಸಬೇಕು. ಸೊಂಟವೂ ಹಿಡಿದುಕೊಂಡಿರುವುದರಿಂದ ಪೈಪು, ಬೆಸುಗೆಯನ್ನೆಲ್ಲ ಮಗನಿಗೆ, ಅಂದರೆ ನನ್ನ ಗಂಡನಿಗೆ ವಹಿಸಿದ್ದಾರೆ. ವ್ಯಾನ್ ಓಡಿಸುವುದು ನನ್ನ ಪಾಲು. ಅಂದಿನಿಂದ ನನಗೊಂದು ಚಿಂತೆ ಹತ್ತಿತ್ತು. ಗ್ಯಾಸ್ ಹೋದದ್ದು ಗೊತ್ತಾಗುವುದೇ ಆ ಬುಸ್ ಸದ್ದಿನಿಂದ. ಅದೇ ಕೇಳಿಸದ ಮೇಲೆ, ಬೆನ್ನ ಹಿಂದೆ ಮಗ ಬಿಟ್ಟುಬಿಟ್ಟರೆ ಇವರಿಗೆ ತಿಳಿಯುವುದು ಹೇಗೆ? ನನ್ನ ಗಂಡ ಒಳ್ಳೆಯವನೇ, ಆದರೆ ಅವಸರದ ಪ್ರಾಣಿ.

ಮೊನ್ನೆ ಬೇಕರಿಯ ದೊಡ್ಡ ಫ್ರಿಡ್ಜಿನ ಕಂಪ್ರೆಸರ್ ಸುಟ್ಟುಹೋಯಿತು. ಕೇಕುಗಳ ಕ್ರೀಮು ಮೆಲ್ಲಗೆ ಜಾರತೊಡಗಿತ್ತು. ಬೇಕರಿಯವನು ನಮ್ಮ ದೊಡ್ಡ ಗಿರಾಕಿ. ಅವನು ನನ್ನ ಗಂಡನ ಹತ್ತಿರ ಬಂದು, "ಇವತ್ತೊಂದಿನ ನಿಮ್ಮಪ್ಪನ ಶಾಸ್ತ್ರ ಬೇಡಪ್ಪ. ಗ್ಯಾಸ್ ಹೊರಗೆ ಬಿಟ್ಟು ಬೇಗ ಮುಗಿಸು. ಇಲ್ಲಾಂದ್ರೆ ಮುಂದೆ ಬೇರೆಯವರನ್ನ ಕರೀತೀನಿ," ಎಂದು ಪಿಸುಗುಟ್ಟಿದ. ಪಿಸುಗುಟ್ಟುವ ಅಗತ್ಯವೇನೂ ಇರಲಿಲ್ಲ. ಮಾವ ನಮಗೆ ಬೆನ್ನು ಹಾಕಿ, ಗಲ್ಲಾದ ಮುಂದೆ ಬೇಕರಿಯವನ ಹೆಂಡತಿಯ ಜೊತೆ ಹರಟುತ್ತಿದ್ದರು.

ನನ್ನ ಗಂಡ ಪೈಪಿಗೆ ಕಟರ್ ಇಟ್ಟ.

"ಏನ್ರೀ ಮಾಡ್ತಿದೀರಾ?"

"ಒಂದ್ಸಲ ತಾನೇ. ಸುಮ್ನಿರು."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕೂಗಿ ಹೇಳಿದರೆ ಮಾವನ ಎದೆ ಒಡೆಯುತ್ತದೆ. ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ ಅವರ ದನಿ ಬೇಕರಿಯ ತುಂಬ ಮೊಳಗಿತು.

"ನನ್ನ ಮಗ ಇದಾನಲ್ಲಮ್ಮ, ಒಂದು ಉಸಿರಷ್ಟೂ ಹೊರಗೆ ಬಿಡಲ್ಲ! ಕಿವಿ ಹೋದ್ರೆ ಹೋಗಲಿ ಬಿಡಿ, ನನಗೆ ಚಿಂತೆನೇ ಇಲ್ಲ!"

ಬ್ರೆಡ್ಡಿಗೆ ನಿಂತಿದ್ದವರೆಲ್ಲ ನಮ್ಮ ಕಡೆ ತಿರುಗಿ ನೋಡಿದರು. ನನ್ನ ಗಂಡನ ಮುಖ ಕೆಂಪೇರಿತು. ಕಟರ್ ಕೆಳಗಿಟ್ಟು, "ಮೆಷಿನ್ ತಗೊಂಡ್ ಬಾ," ಎಂದು ನನ್ನ ಮೇಲೆ ರೇಗಿದ. ಅವನ ಬೈಗುಳ ನನಗೆ ಅಷ್ಟು ಹಿತವಾದದ್ದು ಅದೇ ಮೊದಲು.

ಕೇಕುಗಳನ್ನು ಪಕ್ಕದ ಹೂವಿನಂಗಡಿಯ ಫ್ರಿಡ್ಜಿಗೆ ಸಾಗಿಸಿದೆವು. ಎಲ್ಲವೂ ಹಿಡಿಸಲಿಲ್ಲ, ಕೆಲವು ಹಾಳಾದವು. ಹೊರಡುವಾಗ ಬೇಕರಿಯವನು, "ಗ್ಯಾಸ್ ಹೊರಗೆ ಬಿಡು ಅಂದ್ರೆ ಬಿಡಲಿಲ್ಲ. ಇನ್ನು ನೀವು ಬರೋದೇ ಬೇಡ," ಎಂದು ಕಿರುಚಿದ. ಅಷ್ಟು ಜೋರಾಗಿದ್ದರಿಂದ ಅದು ಮಾವನಿಗೂ ಕೇಳಿಸಿತು.

ವ್ಯಾನಿನಲ್ಲಿ ಅವರು ಮಗನನ್ನು ಕೇಳಿದರು: "ಅಲ್ಲ ಕಣೋ, ನೀನು ಬಿಟ್ಟಿದ್ರೂ ನನಗೆ ಕೇಳಿಸ್ತಿರಲಿಲ್ಲ. ಗಿರಾಕಿನೂ ಉಳೀತಿದ್ದ. ಯಾಕೆ ಬಿಡಲಿಲ್ಲ?"

ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ನನಗೆ ಕೇಳಿಸುತ್ತಲ್ಲಪ್ಪ."

ಅದು ಮಾವನಿಗೆ ಕೇಳಿಸಲಿಲ್ಲ. "ಏನಂದ?" ಎಂದು ನನ್ನತ್ತ ತಿರುಗಿದರು. ನಾನು ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿ, ಅವರ ಕಿವಿಯ ಹತ್ತಿರ ಬಾಗಿ, ಗಟ್ಟಿಯಾಗಿ ಹೇಳಿದೆ.

"ಅವರಿಗೆ ಕೇಳಿಸುತ್ತಂತೆ, ಮಾವ."