ಬಿಳಿ ಹಿನ್ನೆಲೆಯಲ್ಲಿ ಬಿಳಿ ಗಡ್ಡ

ಫರಂಗಿಪೇಟೆಯ ನನ್ನ ಸ್ಟುಡಿಯೋಗೆ ವಯಸ್ಸಾದ ಬ್ಯಾರಿಯೊಬ್ಬರು ಹಜ್ ಅರ್ಜಿಗೆ ಫೋಟೋ ತೆಗೆಸಲು ಬಂದರು. ಅಂದೇ ಕೊನೆಯ ದಿನ. ಹಿನ್ನೆಲೆ ಬಿಳಿಯೇ ಇರಬೇಕೆಂಬುದು ನಿಯಮ. ಎಲ್ಲರಿಗೂ ಮಾಡುವಂತೆ ನಾನು ಕಂಪ್ಯೂಟರಿನಲ್ಲಿ ಕರ್ವ್ ಮೇಲೆತ್ತಿದೆ. ಕರ್ವ್ ಎಂದರೆ ಫೋಟೋದ ಬೆಳಕು, ನೆರಳನ್ನು ಹೆಚ್ಚು ಕಡಿಮೆ ಮಾಡುವ ಗೆರೆ. ಎತ್ತಿದರೆ ಮುಖ ಬೆಳ್ಳಗಾಗುತ್ತದೆ; ಬಂದವರೆಲ್ಲ ಕೇಳುವುದೂ ಅದನ್ನೇ. ಆದರೆ ಅವರ ಬಿಳಿ ಗಡ್ಡ ಹಿನ್ನೆಲೆಯಲ್ಲಿ ಕರಗಿಹೋಯಿತು. ಮುಖದ ಅಂಚು ಕಾಣುವುದಿಲ್ಲವೆಂದು ಅರ್ಜಿಯ ವೆಬ್‌ಸೈಟ್ ಎರಡು ಸಲ ತಿರಸ್ಕರಿಸಿತು.

"ನನ್ನ ಗಡ್ಡ ಎಲ್ಲಿ ಮಾರಾಯ? ನನಗಿಂತ ಮೊದಲೇ ಹಜ್‌ಗೆ ಹೋಯಿತಾ?" ಎಂದರು. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು.

ಗಾಬರಿಯಲ್ಲಿ ಗೆರೆಯನ್ನು ಕೆಳಗಿಳಿಸಿದೆ. ಗಡ್ಡ ಸ್ಪಷ್ಟವಾಗಿ ಕಂಡಿತು, ಮುಖ ಕಪ್ಪಾಯಿತು. ವೆಬ್‌ಸೈಟ್ ಒಪ್ಪಿತು.

"ಸ್ವಲ್ಪ ಕಪ್ಪಾಯಿತು, ಬೇಜಾರು ಮಾಡಬೇಡಿ ಕಾಕಾ" ಎಂದೆ.

"ಕಪ್ಪು ಎಂತದು? ಇದು ನಾನೇ ಅಲ್ವಾ!"

ನನ್ನ ಸ್ಟುಡಿಯೋದಲ್ಲಿ ಹಾಗೆ ಹೇಳಿದವರು ಇದುವರೆಗೆ ಅವರೊಬ್ಬರೇ.