ಫ್ರಾನ್ಸಿನ ಅಡುಗೆಮನೆಯಲ್ಲಿ ಅಪ್ಪ

ಹೋದ ತಿಂಗಳು ಬೀರುವಿನ ಮೇಲಿದ್ದ ನೀಲಿ ಸೂಟ್‌ಕೇಸನ್ನು ಇಳಿಸಿ ತೆರೆದಾಗ ಟೀ ಪುಡಿಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಳಗೆ ಸಾಮಾನೇನೂ ಇರಲಿಲ್ಲ. ಮೂಲೆಗಳಲ್ಲಿ ಒಂದಿಷ್ಟು ಪುಡಿ ಸೇರಿಕೊಂಡಿತ್ತು, ಅಷ್ಟೇ. ಯಾವುದೋ ಪೊಟ್ಟಣ ಒಡೆದಿರಬೇಕು. ನಾನು ಸೂಟ್‌ಕೇಸಿನ ಮುಂದೆ ಕುಳಿತುಬಿಟ್ಟೆ. ಕೆಲಸದವಳು ಬಂದು ಸ್ವಾಹಿಲಿಯಲ್ಲಿ "ಸವಾ, ಮಾಮಾ?", ಹುಷಾರಾಗಿದ್ದೀರಾ ಅಮ್ಮ, ಎಂದು ಎರಡು ಸಲ ಕೇಳಿದ ಮೇಲೆಯೇ ಎದ್ದದ್ದು.

ಕೆಲವು ವರ್ಷಗಳ ಹಿಂದೆ ಅಪ್ಪ ಆ ಸೂಟ್‌ಕೇಸಿನ ತುಂಬ ಇಲ್ಲಿನ ಕೆರಿಚೊ ತೋಟಗಳ ಟೀ ಪುಡಿ ತುಂಬಿಕೊಂಡು ನೈರೋಬಿಯಿಂದ ಫ್ರಾನ್ಸಿಗೆ ಹೊರಟಿದ್ದರು. ಅಮ್ಮ ಹೋಗಿ ವರ್ಷವಾಗಿತ್ತು. ವರ್ಷಾಬ್ದಿಕ ಮುಗಿದ ಮೇಲೆ ಎಲ್ಲರೂ ಕಾಶಿಗೋ ಗಯೆಗೋ ಹೋಗುತ್ತಾರೆ. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಕನ್ನಡದವರೆಲ್ಲ ಅದನ್ನೇ ಕೇಳುತ್ತಿದ್ದರು. ಅಪ್ಪ ಊಟ ಮಾಡಿ ಕೈತೊಳೆದು ಬಂದು, ಅಡುಗೆಮನೆಯ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರನ್ನು ತೋರಿಸಿ, "ಇದನ್ನ ನೋಡ್ಕೊಂಡು ಬರೋಣ ಪುಟ್ಟಿ," ಎಂದರು. ಅದರಲ್ಲಿದ್ದದ್ದು ಫ್ರಾನ್ಸಿನ ಒಂದು ಕೋಟೆಮನೆ, ಸುತ್ತ ನೀರು. ಸಿರಿವಂತರ ಬಡಾವಣೆ ಮುಥೈಗಾದಲ್ಲಿ ಯಾವುದೋ ರಾಯಭಾರಿಯ ಹೆಂಡತಿಗೆ ಅಮ್ಮ ಯೋಗ ಹೇಳಿಕೊಡುತ್ತಿದ್ದಳು. ಆಕೆ ಕೊಟ್ಟ ಕ್ಯಾಲೆಂಡರು. ವರ್ಷ ಕಳೆದರೂ ಅಮ್ಮ ಅದನ್ನು ತೆಗೆದಿರಲಿಲ್ಲ, ಆಮೇಲೆ ನಾವೂ ತೆಗೆಯಲಿಲ್ಲ.

ಜೀವಮಾನವೆಲ್ಲ ಕೆಮಿಸ್ಟ್ರಿ ಪಾಠ ಹೇಳಿದ ಅಪ್ಪನಿಗೆ ಕೋಟೆಯ ಹುಚ್ಚು ಯಾವಾಗ ಹಿಡಿಯಿತೋ ನನಗೆ ತಿಳಿಯಲಿಲ್ಲ. ಇನ್ನೊಂದು ಅನುಮಾನವೂ ಇತ್ತು. ಆ ಹೊತ್ತಿಗೆ ಅವರು ಗ್ಯಾಸ್ ಆರಿಸಲು ಮರೆಯುತ್ತಿದ್ದರು, ಹೇಳಿದ್ದನ್ನೇ ಹೇಳುತ್ತಿದ್ದರು. ಇದು ಹೆಂಡತಿಯನ್ನು ಕಳೆದುಕೊಂಡ ದುಃಖವೋ, ಮರೆವಿನ ಕಾಯಿಲೆಯ ಶುರುವೋ? ನಾನು ಡಾಕ್ಟರು ನಿಜ, ಆದರೆ ಮಕ್ಕಳ ಡಾಕ್ಟರು. ಜೊತೆಗೆ ಹೋದರೆ ಗೊತ್ತಾದೀತು ಎಂದುಕೊಂಡು ರಜೆ ಹಾಕಿ ಹೊರಟೆ.

ಬಾಡಿಗೆಗೆ ಕಾರು ತೆಗೆದುಕೊಂಡೆವು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಪ್ರತಿ ವೃತ್ತ ಬಂದಾಗಲೂ ಅಪ್ಪ "ಎಡಕ್ಕೆ, ಎಡಕ್ಕೆ!" ಎಂದು ಕೂಗಿ ನನ್ನ ಜೀವ ತೆಗೆಯುತ್ತಿದ್ದರು. ನೈರೋಬಿಯ ಮಟಾಟು ವ್ಯಾನುಗಳ ನಡುವೆ ನುಗ್ಗಿ ಓಡಿಸಿ ಪಳಗಿದ ನಾನು ಅಲ್ಲಿ, ಆ ಖಾಲಿ ರಸ್ತೆಯಲ್ಲಿ ಬೆವರಿದೆ.

ಮೊದಲನೆಯ ದೊಡ್ಡ ಕೋಟೆಯ ಟಿಕೆಟ್ ಕೌಂಟರಿನಲ್ಲಿ ಅಪ್ಪ ಒಂದು ಪೊಟ್ಟಣ ಟೀ ಪುಡಿಯನ್ನು ಗಾಜಿನ ಕೆಳಗಿನಿಂದ ಒಳಗೆ ತಳ್ಳಿದರು. ಹುಡುಗಿ ಹೊರಗೆ ತಳ್ಳಿದಳು. ಅಪ್ಪ ಮತ್ತೆ ಒಳಗೆ ತಳ್ಳಿದರು. ಕಾವಲಿನವನು ಬಂದು ಅಪ್ಪನ ಚೀಲ ಬಿಚ್ಚಿ, ಅದರಲ್ಲಿ ಇನ್ನೂ ಅಷ್ಟು ಪೊಟ್ಟಣ ಕಂಡು ನನ್ನ ಮುಖ ನೋಡಿದ. ನಾನು ನಾಚಿಕೆಯಿಂದ ನೆಲ ನೋಡಿದೆ.

"ಅಪ್ಪಾ, ಇದು ಮ್ಯೂಸಿಯಂ ಕಣಪ್ಪಾ," ಎಂದೆ.

"ಮಲಗೋ ಕೋಣೆ ಇದೆ, ಅಡುಗೆಮನೆ ಇದೆ, ಮನೆ ಅಲ್ದೆ ಇನ್ನೇನು? ಯಾರ ಮನೆಗಾದ್ರೂ ಬರೀ ಕೈಲಿ ಹೋಗ್ತಾರೇನೆ?"

ಇದನ್ನು ಮರೆವು ಎನ್ನಲೇ? ಅಪ್ಪ ಮೊದಲಿನಿಂದಲೂ ಹಾಗೇ ಇದ್ದರು. ನಮ್ಮೂರಿನ ಕಿಲಿಮಾನಿಯಲ್ಲಿ ಸ್ನೇಹಿತರ ಫ್ಲ್ಯಾಟಿಗೆ ಐದು ನಿಮಿಷ ಹೋಗುವುದಿದ್ದರೂ ಕೈಯಲ್ಲಿ ಬಾಳೆಹಣ್ಣು ಇರಲೇಬೇಕು. ಹೋದ ಕೋಟೆಯಲ್ಲೆಲ್ಲ ಇದೇ ರಾಮಾಯಣವಾಯಿತು. ಒಳಗೆ ಹೋದರೆ ಸಿಂಹಾಸನ, ಕತ್ತಿ, ಚಿತ್ರಪಟ ಯಾವುದೂ ಅವರಿಗೆ ಬೇಡ. ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಹತ್ತೋಣವೆಂದರೆ, ನೀನು ಹೋಗಿ ಬಾ ಎನ್ನುತ್ತಿದ್ದರು...

ಆಮೇಲೆ ಒಂದು ಸಣ್ಣ ಕೋಟೆಗೆ ಹೋದೆವು. ಅರ್ಧ ಛಾವಣಿಗೆ ಟಾರ್ಪಾಲು ಹೊದಿಸಿದ್ದರು. ಮನೆಯ ಒಡತಿಯೇ, ಎಪ್ಪತ್ತು ದಾಟಿದ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದಳು. ಅಪ್ಪ ಪೊಟ್ಟಣ ಕೊಟ್ಟರು. ಆಕೆ ಅದನ್ನು ಮೂಸಿ ನೋಡಿ, ಟಿಕೆಟ್ ಪೆಟ್ಟಿಗೆ ಮುಚ್ಚಿ, ನಮ್ಮಿಬ್ಬರನ್ನೂ ನೇರ ತನ್ನ ಅಡುಗೆಮನೆಗೆ ಕರೆದುಕೊಂಡು ಹೋದಳು. ಅಪ್ಪ ನನ್ನತ್ತ ನೋಡಿದ ನೋಟದಲ್ಲಿ ಎಷ್ಟು ಜಂಬವಿತ್ತೆಂದರೆ ನನಗೆ ನಗು ತಡೆಯಲಾಗಲಿಲ್ಲ.

ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೂರು ಕಪ್ ಇಟ್ಟು ಟೀ ಬಗ್ಗಿಸತೊಡಗಿದಳು. ಆಗ ಅಪ್ಪ ಬಹಳ ಮರ್ಯಾದೆಯಿಂದ, ಬಿಡಿಸಿ ಬಿಡಿಸಿ, ಇಂಗ್ಲಿಷಿನಲ್ಲಿ ಹೇಳಿದರು: ನನ್ನ ಹೆಂಡತಿ ಮೇಲೆ ಕೋಣೆಗಳನ್ನು ನೋಡುತ್ತಿದ್ದಾಳೆ, ಅವಳಿಗೆ ಎಲ್ಲವನ್ನೂ ನಿಧಾನವಾಗಿ ನೋಡಬೇಕು.

ಆ ಹೆಂಗಸು ತಲೆದೂಗಿ ನಾಲ್ಕನೆಯ ಕಪ್ ತಂದಿಟ್ಟು ತುಂಬಿಸಿದಳು. ಅಪ್ಪ ಅದರ ಮೇಲೆ ಸಾಸರ್ ಮುಚ್ಚಿದರು. ಮನೆಯಲ್ಲಿ ಅಮ್ಮ ಸ್ನಾನಕ್ಕೋ ಪೂಜೆಗೋ ಹೋಗಿದ್ದರೆ ಅವಳ ಕಾಫಿ ಆರದಿರಲೆಂದು ಹಾಗೇ ಮುಚ್ಚಿಡುತ್ತಿದ್ದರು. ಆಮೇಲೆ ಕನ್ನಡಕ್ಕೆ ತಿರುಗಿದರು. ಅಮ್ಮನ ಮಂಡಿನೋವು, ನೈರೋಬಿಗೆ ಬಂದ ಹೊಸದರಲ್ಲಿ ಅವಳು ಅಳುತ್ತಿದ್ದದ್ದು, ಅವಳ ಹುಳಿಯ ರುಚಿ... ನನಗೆ ಎಂದೂ ಹೇಳದ ಮಾತುಗಳು. ಒಂದಕ್ಷರ ತಿಳಿಯದ ಆ ಹೆಂಗಸು ಅಪ್ಪನ ಮುಖವನ್ನೇ ನೋಡುತ್ತ "ವೀ, ವೀ" ಎಂದು ಹೂಂಗುಟ್ಟುತ್ತಿದ್ದಳು. ಈ ನಾಟಕವನ್ನು ನಿಲ್ಲಿಸಬೇಕೋ, ಇದು ನಾಟಕವೇ ಅಲ್ಲವೋ, ನನಗೆ ಏನೂ ಹೊಳೆಯಲಿಲ್ಲ.

ಎದ್ದು ಹೊರಬಂದೆವು. ಅಪ್ಪ ಸೀದಾ ಕಾರಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡು "ಹೊರಡು" ಎಂದರು. ನಾನು ಕೀಲಿ ಹಿಡಿದು ಕುಳಿತೆ. ಕೊನೆಗೆ ಧೈರ್ಯ ಮಾಡಿ, "ಅಪ್ಪಾ, ಅಮ್ಮ ಬರಲ್ವಾ?" ಎಂದು ಕೇಳಿದೆ.

ಅಪ್ಪ ಗಾಬರಿಯಿಂದ ನನ್ನತ್ತ ತಿರುಗಿದರು. ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡಿದರು. "ಯಾಕೆ ಪುಟ್ಟಿ ಹಿಂಗೆ ಮಾತಾಡ್ತೀಯ? ಹುಷಾರಿಲ್ವಾ ನಿಂಗೆ?"

ನೈರೋಬಿಗೆ ಮರಳಿದ ಮೇಲೆ ಅಪ್ಪ ನಿಜವಾಗಿಯೇ ಮರೆಯತೊಡಗಿದರು. ಮೊದಲು ದಾರಿ, ಆಮೇಲೆ ಸ್ನೇಹಿತರ ಹೆಸರು, ಕೊನೆಗೆ ನನ್ನನ್ನೂ. "ನರ್ಸಮ್ಮ" ಎಂದು ಕರೆಯುತ್ತಿದ್ದರು. ಅದನ್ನು ಹೇಗೋ ಸಹಿಸಿದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಅಡುಗೆಮನೆಯಲ್ಲಿ ನನ್ನ ಪಕ್ಕ ಕುಳಿತಿದ್ದದ್ದು ನನ್ನ ಅಪ್ಪನೋ, ಅವರ ಕಾಯಿಲೆಯೋ? ಕಾಯಿಲೆಯಾಗಿದ್ದರೆ, ಆ ಮಾತುಗಳನ್ನು ನಾನು ಅಪ್ಪನ ಮಾತೆಂದು ಇಟ್ಟುಕೊಳ್ಳಬಹುದೇ? ಜೊತೆಯ ಡಾಕ್ಟರೊಬ್ಬರು ಅದು ಶುರುವಿನ ಲಕ್ಷಣವೇ ಎಂದರು. ಇರಬಹುದು. ಆದರೆ ಕಾರಿನಲ್ಲಿ ನನ್ನ ಹಣೆ ಮುಟ್ಟಿದ ಕೈಗೆ ಎಲ್ಲವೂ ಗೊತ್ತಿತ್ತಲ್ಲ... ಕಳೆದ ವರ್ಷ ಅಪ್ಪ ಹೋದರು. ಇನ್ನು ಯಾರನ್ನು ಕೇಳಲಿ?

ನಮ್ಮ ಬೀದಿಯ ತಿರುವಿನಲ್ಲಿ ತರಕಾರಿ ಮಾರುವ ಹೆಂಗಸು ಮಗಳ ಬಾಣಂತನಕ್ಕೆಂದು ಅಪ್ಪ ಇದ್ದಾಗಲೇ ಊರಿಗೆ ಹೋಗಿ ಅಲ್ಲೇ ಉಳಿದಿದ್ದವಳು ಮೊನ್ನೆ ಹಿಂದಿರುಗಿದ್ದಳು. ದಾರಿ ಮರೆಯುವ ಮೊದಲು ದಿನವೂ ಸಂಜೆ ಅಪ್ಪ ಅವಳ ಹತ್ತಿರ ನಿಂತು ಚೌಕಾಸಿ ಮಾಡುತ್ತಿದ್ದರು. ನನ್ನನ್ನು ಕಂಡವಳೇ ಸ್ವಾಹಿಲಿಯಲ್ಲಿ ಕೇಳಿದಳು, ಮ್ಜೀ ಎಲ್ಲಿ? ಮ್ಜೀ ಎಂದರೆ ಹಿರಿಯರು. ಅವಳು ಅಪ್ಪನನ್ನು ಕರೆಯುತ್ತಿದ್ದದ್ದೇ ಹಾಗೆ.

"ಮನೆಯಲ್ಲಿದ್ದಾರೆ," ಎಂದುಬಿಟ್ಟೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನಗೆ ಮರೆವೂ ಇಲ್ಲ. ಅಪ್ಪ ಇಲ್ಲವೆನ್ನುವುದು ಆ ಗಳಿಗೆಯಲ್ಲೂ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಅವಳ ಮುಂದೆ, ಆ ಬೀದಿಯಲ್ಲಿ, ಅಪ್ಪ ಮನೆಯಲ್ಲಿರುವುದು ನನಗೆ ಬೇಕಾಗಿತ್ತು. ಅಪ್ಪನಿಗೂ ಹೀಗೇ ಆಗಿತ್ತೇ? ಇಲ್ಲವೇ ನಾನೇ ನನಗೆ ಬೇಕಾದ ಹಾಗೆ ಅರ್ಥ ಹಚ್ಚುತ್ತಿದ್ದೇನೆಯೇ?

ಅವಳು ನಾನು ಕೊಂಡ ಟೊಮ್ಯಾಟೊ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ ಹಾಕಿ, ಇದು ಮ್ಜೀಗೆ, ನಾನು ಕೇಳಿದೆನೆಂದು ಹೇಳಿ, ಎಂದಳು.

"ಹೇಳ್ತೀನಿ," ಎಂದೆ, ಕನ್ನಡದಲ್ಲಿ.